ಸ್ವಿಚ್ ಬದಲಾಯಿಸಿದ ಮೇಲೆ ತೂಕದ ಕಾಟಾ ಸರ್ವರ್‌ಗೆ ಸಿಗ್ತಿಲ್ಲ. ಗೇಟ್‌ವೇ ಇಲ್ಲದೆ ಇಷ್ಟು ದಿನ ಹೇಗೆ ನಡೀತಿತ್ತು?

ಕೋಲ್ಡ್ ಸ್ಟೋರೇಜ್ ಕೇಬಲ್, ಬ್ಯಾಡಗಿ

ಎಲ್ಲರಿಗೂ ನಮಸ್ಕಾರ. ಮೋಟೆಬೆನ್ನೂರು ಕಡೆ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ನೆಟ್‌ವರ್ಕ್, ಕ್ಯಾಮೆರಾ, ಪ್ರಿಂಟರ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಒಂದು ವಿಷಯ ಬಗೆಹರಿಯುತ್ತಿಲ್ಲ.

ಹಳೇ ಲೇಯರ್ 3 ಸ್ವಿಚ್‌ನ (ರೂಟಿಂಗ್ ಕೂಡ ಮಾಡುವ ಸ್ವಿಚ್) ಪವರ್ ಸಪ್ಲೈ ಸುಟ್ಟುಹೋಯಿತು. ಬೇರೆ ಕಂಪನಿಯ ಹೊಸ ಸ್ವಿಚ್ ಹಾಕಿದೆ. ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ಮಾಡಿದ ನೆಟ್‌ವರ್ಕ್), ಐಪಿ, ರೂಟ್ ಎಲ್ಲ ಹಳೇ ಬ್ಯಾಕಪ್ ನೋಡಿಕೊಂಡೇ ಹಾಕಿದ್ದು. ಆಫೀಸ್ ಮತ್ತು ಸರ್ವರ್ ವಿಲ್ಯಾನ್ 10ರಲ್ಲಿವೆ, 10.20.10.0/24. ಗೇಟ್, ಕಾಟಾ, ಕ್ಯಾಮೆರಾ ವಿಲ್ಯಾನ್ 20ರಲ್ಲಿವೆ, 10.20.20.0/24. ಎರಡಕ್ಕೂ ಸ್ವಿಚ್ಚೇ ಗೇಟ್‌ವೇ, ಅಂದರೆ ಬೇರೆ ನೆಟ್‌ವರ್ಕ್‌ಗೆ ಹೋಗುವ ಬಾಗಿಲು; ಅದರ ಐಪಿ ಕೊನೆಗೆ .1.

ಬಹುತೇಕ ಕ್ಯಾಮೆರಾಗಳು ಸರ್ವರ್‌ನಲ್ಲಿ ಚೆನ್ನಾಗಿ ಕಾಣಿಸುತ್ತಿವೆ. ಕಾಟಾ ಇಂಡಿಕೇಟರ್ (ತೂಕ ತೋರಿಸುವ ಡಬ್ಬಿ) ಮಾತ್ರ ಇಲ್ಲ. ಅದರ ಐಪಿ 10.20.20.31. ಬಿಲ್ಲಿಂಗ್ ಸರ್ವರ್ 10.20.10.5. ಸರ್ವರ್‌ನಿಂದ ಪಿಂಗ್ ಮಾಡಿದರೆ ರಿಕ್ವೆಸ್ಟ್ ಟೈಮ್ಡ್ ಔಟ್. ಅದೇ ಕಾಟಾ ಪಕ್ಕ ಲ್ಯಾಪ್‌ಟಾಪ್ ಹಾಕಿ ವಿಲ್ಯಾನ್ 20ರಿಂದಲೇ ಪಿಂಗ್ ಮಾಡಿದರೆ ಉತ್ತರ ಬರುತ್ತೆ.

ಇಂಡಿಕೇಟರ್‌ನ ಮೆನುವಿನಲ್ಲಿ ಐಪಿ ಮತ್ತು ಪೋರ್ಟ್ ನಂಬರ್ ಬಿಟ್ಟರೆ ಬೇರೆ ಏನೂ ಇಲ್ಲ. ಮಾಸ್ಕ್ (ಯಾವ ಐಪಿಗಳು ತನ್ನದೇ ನೆಟ್‌ವರ್ಕ್‌ನವು ಎಂದು ಹೇಳುವ ಅಂಕಿ) ಇಲ್ಲ, ಗೇಟ್‌ವೇ ಇಲ್ಲ. ಕಾಟಾದವರಿಗೆ ಫೋನ್ ಮಾಡಿದರೆ "ನಮ್ಮ ಮಶೀನ್ ಸರಿ ಇದೆ, ನಿಮ್ಮ ಸ್ವಿಚ್ ನೋಡ್ರಿ" ಎಂದು ಕೈ ತೊಳೆದುಕೊಂಡರು. ಸದ್ಯಕ್ಕೆ ಗುಮಾಸ್ತರು ತೂಕವನ್ನು ಚೀಟಿಯಲ್ಲಿ ಬರೆದು, ಮತ್ತೆ ಕಂಪ್ಯೂಟರ್‌ಗೆ ಟೈಪ್ ಮಾಡುತ್ತಿದ್ದಾರೆ. ಸೋಮವಾರ, ಗುರುವಾರ ಪೇಟೆ ದಿನ ಗಾಡಿ ಸಾಲು ರಸ್ತೆಯವರೆಗೆ ಬರುತ್ತೆ. ಆಗ ಇದು ನಡೆಯೋದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಗೇಟ್‌ವೇ ಇಲ್ಲದ ಮಶೀನ್ ಬೇರೆ ವಿಲ್ಯಾನ್‌ನಲ್ಲಿರುವ ಸರ್ವರ್ ಜೊತೆ ಮಾತಾಡೋದೇ ಅಸಾಧ್ಯ ಅಲ್ವಾ? ಹಳೇ ಸ್ವಿಚ್‌ನಲ್ಲಿ ವರ್ಷಗಟ್ಟಲೆ ಹೇಗೆ ನಡೆಯಿತು?

ಗದಗ ರೂಟರ್

ಪ್ರಾಕ್ಸಿ ಆರ್ಪ್. ಅಂದರೆ ಒಂದು ಐಪಿಯ ಮ್ಯಾಕ್ (ಹಾರ್ಡ್‌ವೇರ್ ವಿಳಾಸ) ಕೇಳುವ ಆರ್ಪ್ ಪ್ರಶ್ನೆಗೆ ಬೇರೆಯವರ ಪರವಾಗಿ ಸ್ವಿಚ್ಚೇ ಉತ್ತರ ಕೊಡೋದು. ಹಳೇದರಲ್ಲಿ ಡೀಫಾಲ್ಟ್ ಆಗಿ ಆನ್ ಇದ್ದಿರಬೇಕು, ಹೊಸದರಲ್ಲಿ ಆಫ್. ವಿಲ್ಯಾನ್ 20ರ ಇಂಟರ್ಫೇಸ್ ಒಳಗೆ ಹೋಗಿ ಆನ್ ಮಾಡಿ. ಮುಗೀತು.

ವಿದ್ಯಾನಗರ ಪ್ಯಾಚ್ ಪ್ಯಾನೆಲ್, ಹುಬ್ಬಳ್ಳಿ

ಗದಗದವರು ಹೇಳಿದ್ದು ಸರಿ. ಆದರೆ ತಮ್ಮಾ, ಆನ್ ಮಾಡುವ ಮೊದಲು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಹಿಡಿದು ಕೂತ್ಕೊ. ಕೆಟ್ಟಿರುವಾಗಲೇ ಇದು ಕಣ್ಣಿಗೆ ಕಾಣೋದು. ಆನ್ ಮಾಡಿದೆ ಅಂದರೆ ಎಲ್ಲ ಮುಚ್ಚಿಹೋಗುತ್ತೆ, ಯಾವ ಮಶೀನ್ ಯಾವುದಕ್ಕೆ ಗಂಟು ಬಿದ್ದಿದೆ ಅನ್ನೋದು ಮತ್ತೆ ಗೊತ್ತಾಗೋದು ಮುಂದಿನ ಸ್ವಿಚ್ ಸುಟ್ಟಾಗಲೇ.

ನಿನ್ನ ಇಂಡಿಕೇಟರ್ ಮಾಸ್ಕ್ ಕೇಳೋದಿಲ್ಲ ಎಂದೆಯಲ್ಲ, ಕಥೆ ಪೂರ್ತಿ ಅಲ್ಲೇ ಇದೆ. ಮಾಸ್ಕ್ ಕೊಡದಿದ್ದರೆ ಇಂಥ ಹಳೇ ಬೋರ್ಡ್‌ಗಳು ಐಪಿಯ ಮೊದಲ ಅಂಕಿ ನೋಡಿ ತಾವೇ ಒಂದು ಮಾಸ್ಕ್ ಹಾಕಿಕೊಳ್ಳುತ್ತವೆ. 10ರಿಂದ ಶುರುವಾದರೆ ಕ್ಲಾಸ್ ಎ, ಅಂದರೆ 255.0.0.0. ಅದರ ಲೆಕ್ಕದಲ್ಲಿ 10ರಿಂದ ಶುರುವಾಗುವ ಲೋಕವೆಲ್ಲ ಒಂದೇ ತಂತಿಯ ಮೇಲಿದೆ. ನಿನ್ನ ಸರ್ವರ್ ಕೂಡ. ಅದಕ್ಕೇ ಗೇಟ್‌ವೇ ಬೇಕು ಅಂತ ಅದಕ್ಕೆ ಅನಿಸುವುದೇ ಇಲ್ಲ.

ಈಗ ಸರ್ವರ್‌ನಿಂದ ಪಿಂಗ್ ಮಾಡಿದಾಗ ಆಗೋದು ನೋಡು. ಸರ್ವರ್‌ಗೆ ಮಾಸ್ಕ್ ಸರಿಯಾಗಿ /24, ಅಂದರೆ 255.255.255.0 ಇದೆ, ಗೇಟ್‌ವೇ ಇದೆ. ಪ್ಯಾಕೆಟ್ ಸ್ವಿಚ್‌ಗೆ ಬರುತ್ತೆ. ಸ್ವಿಚ್ ವಿಲ್ಯಾನ್ 20ರಲ್ಲಿ "10.20.20.31 ಯಾರು?" ಎಂದು ಕೇಳುತ್ತೆ. ಕಾಟಾ "ನಾನು" ಎನ್ನುತ್ತೆ. ಪಿಂಗ್ ಕಾಟಾಗೆ ಮುಟ್ಟುತ್ತೆ. ಹೌದು, ಮುಟ್ಟುತ್ತೆ! ಹೋಗುವ ದಾರಿ ಕೆಟ್ಟಿಲ್ಲ. ವಾಪಸ್ ಬರುವಾಗ ಕೈ ಕೊಡೋದು.

ಕಾಟಾ ಉತ್ತರ ಕಳಿಸಬೇಕು. 10.20.10.5 ನಮ್ಮ ತಂತಿಯ ಮೇಲೇ ಇದೆ ಎಂದು ಅದು ನಂಬಿದೆ. ಹಾಗಾಗಿ ಗೇಟ್‌ವೇ ಬಿಟ್ಟು ನೇರವಾಗಿ "10.20.10.5 ಯಾರು? ನಿಮ್ಮ ಮ್ಯಾಕ್ ಹೇಳಿ" ಎಂದು ಕೂಗುತ್ತೆ. ಇದು ಬ್ರಾಡ್‌ಕಾಸ್ಟ್. ವಿಲ್ಯಾನ್ 20 ದಾಟಿ ಹೋಗೋದಿಲ್ಲ. ಸರ್ವರ್ ಇರೋದು ವಿಲ್ಯಾನ್ 10ರಲ್ಲಿ, ಅದಕ್ಕೆ ಈ ಕೂಗು ಕೇಳಿಸುವುದೇ ಇಲ್ಲ. ಯಾರೂ ಉತ್ತರ ಕೊಡೋದಿಲ್ಲ. ಕಾಟಾ ಮತ್ತೆ ಕೂಗುತ್ತೆ, ಮತ್ತೆ ಕೂಗುತ್ತೆ, ಬಿಟ್ಟುಬಿಡುತ್ತೆ. ನಿನಗೆ ಕಾಣೋದು ಟೈಮ್ಡ್ ಔಟ್.

ಹಳೇ ಸ್ವಿಚ್ ಮಾಡುತ್ತಿದ್ದದ್ದು ಇಷ್ಟೇ. ಆ ಕೂಗು ಅದಕ್ಕೂ ಕೇಳಿಸುತ್ತಿತ್ತು, ಏಕೆಂದರೆ ಅದರ ಒಂದು ಕಾಲು ವಿಲ್ಯಾನ್ 20ರಲ್ಲೂ ಇದೆ. ಆಗ ಅದು ರೂಟಿಂಗ್ ಟೇಬಲ್ ನೋಡುತ್ತಿತ್ತು. ಕೇಳಿದ ಐಪಿ ಈ ಇಂಟರ್ಫೇಸ್‌ನ ಸಬ್‌ನೆಟ್‌ನದ್ದಾ? ಅಲ್ಲ. ಅಲ್ಲಿಗೆ ಹೋಗುವ ದಾರಿ ನನಗೆ ಗೊತ್ತಾ? ಗೊತ್ತು. ಆ ದಾರಿ ಕೂಗು ಬಂದ ಇಂಟರ್ಫೇಸ್ ಬಿಟ್ಟು ಬೇರೆ ಕಡೆಯಿಂದ ಹೋಗುತ್ತಾ? ಹೌದು, ವಿಲ್ಯಾನ್ 10ರಿಂದ. ಮೂರೂ ಕೂಡಿಬಂದರೆ "10.20.10.5 ನಾನೇ, ಇಗೋ ನನ್ನ ಮ್ಯಾಕ್" ಎಂದು ಸ್ವಿಚ್ ತನ್ನದೇ ಮ್ಯಾಕ್ ಕೊಡುತ್ತಿತ್ತು. ಬೇರೆ ಓಣಿಯವರ ಹೆಸರು ಹಿಡಿದು ಟಪಾಲಿನವನು ಕೂಗಿದರೂ ಮೂಲೆ ಕಿರಾಣಿ ಅಂಗಡಿಯವನು "ಇಲ್ಲೇ ಕೊಡ್ರಿ, ನಾ ಮುಟ್ಟಿಸ್ತೀನಿ" ಎಂದ ಹಾಗೆ. ಕಾಟಾ ಸರ್ವರ್‌ಗೆ ಎಂದು ಫ್ರೇಮ್ ಕಳಿಸುತ್ತಿತ್ತು, ಅದು ಸ್ವಿಚ್‌ನ ಮ್ಯಾಕ್‌ಗೆ ಹೋಗುತ್ತಿತ್ತು, ಸ್ವಿಚ್ ಅದನ್ನು ಮಾಮೂಲಿಯಂತೆ ರೂಟ್ ಮಾಡುತ್ತಿತ್ತು. ಇಬ್ಬರಿಗೂ ನಡುವೆ ಒಬ್ಬರಿದ್ದಾರೆ ಅಂತ ಕಾಟಾಗೆ ಗೊತ್ತೇ ಇರಲಿಲ್ಲ.

ಬರೀ ಲೇಯರ್ 2 ಸ್ವಿಚ್ ಈ ಕೆಲಸ ಮಾಡೋದಿಲ್ಲ, ಅದನ್ನೂ ತಲೆಯಲ್ಲಿಟ್ಟುಕೊ. ಅದು ಫ್ರೇಮ್ ನೋಡಿ ಪೋರ್ಟ್‌ಗೆ ತಳ್ಳುತ್ತೆ ಅಷ್ಟೇ. ಆ ವಿಲ್ಯಾನ್‌ನಲ್ಲಿ ಐಪಿ ಇರಬೇಕು, ರೂಟಿಂಗ್ ನಡೀಬೇಕು, ಆಗಲೇ ಇದಕ್ಕೆ ಅರ್ಥ.

ಸಿಸ್ಕೋ ಐಒಎಸ್‌ನಲ್ಲಿ ಇದು ಮೊದಲಿನಿಂದಲೂ ಡೀಫಾಲ್ಟ್ ಆನ್. ಬೇಡ ಎಂದರೆ ಇಂಟರ್ಫೇಸ್ ಒಳಗೆ "ನೋ ಐಪಿ ಪ್ರಾಕ್ಸಿ-ಆರ್ಪ್" ಹಾಕಬೇಕು. ಜ್ಯೂನಿಪರ್, ಹುವಾವೇ, ಮೈಕ್ರೋಟಿಕ್‌ಗಳಲ್ಲಿ ಬೇಕಾದರೆ ನೀನೇ ಆನ್ ಮಾಡಬೇಕು. ಲಿನಕ್ಸ್‌ನಲ್ಲೂ ಹಾಗೇ, ಒಂದೊಂದು ಇಂಟರ್ಫೇಸ್‌ಗೂ ಬೇರೆ ಸೆಟ್ಟಿಂಗ್ ಇದೆ, 0 ಅಥವಾ 1. ಮಜಾ ಏನು ಗೊತ್ತಾ? ಡೀಫಾಲ್ಟ್ ಆಗಿ ಆನ್ ಇರೋದು ಕಾನ್ಫಿಗ್ ಬ್ಯಾಕಪ್‌ನಲ್ಲಿ ಬರೆದೇ ಇರೋದಿಲ್ಲ. ನೀನು ಸಾಲು ಸಾಲು ಹೋಲಿಸಿದರೂ ಸಿಗ್ತಿರಲಿಲ್ಲ. ಕಂಪನಿ ಬದಲಾಯಿಸಿದಾಗ ಇರುವ ಸಾಲುಗಳಿಗಿಂತ ಇಲ್ಲದ ಸಾಲುಗಳೇ ಜಾಸ್ತಿ ತೊಂದರೆ ಕೊಡೋದು.

ಈಗ ಮಾಡಬೇಕಾದ ಕೆಲಸ. ವಿಲ್ಯಾನ್ 20ರ ಯಾವುದಾದರೂ ಖಾಲಿ ಪೋರ್ಟ್‌ಗೆ ಲ್ಯಾಪ್‌ಟಾಪ್ ಹಾಕು. ಮಿರರ್ ಪೋರ್ಟ್ (ಬೇರೆ ಪೋರ್ಟ್‌ನ ಟ್ರಾಫಿಕ್‌ನ ನಕಲು ಬರುವ ಪೋರ್ಟ್) ಬೇಡ. ಆರ್ಪ್ ಪ್ರಶ್ನೆ ಬ್ರಾಡ್‌ಕಾಸ್ಟ್ ಆದ್ದರಿಂದ ಸುಮ್ನೆ ಕೂತರೂ ಎಲ್ಲ ಕೇಳಿಸುತ್ತೆ. ವೈರ್‌ಶಾರ್ಕ್‌ನಲ್ಲಿ (ಪ್ಯಾಕೆಟ್‌ಗಳನ್ನು ತೋರಿಸುವ ಸಾಫ್ಟ್‌ವೇರ್) ಆರ್ಪ್ ಮಾತ್ರ ಫಿಲ್ಟರ್ ಮಾಡು. ಆಮೇಲೆ ಟಾರ್ಗೆಟ್ ಐಪಿ 10.20.20 ಅಲ್ಲದ ಪ್ರಶ್ನೆಗಳನ್ನಷ್ಟೇ ಉಳಿಸಿಕೊ. ಅಲ್ಲಿ ಪ್ರಶ್ನೆ ಕೂಗುವ ಪ್ರತಿ ಐಪಿಗೂ ಮಾಸ್ಕ್ ತಪ್ಪಿದೆ ಅಥವಾ ಗೇಟ್‌ವೇ ತಪ್ಪಿದೆ. ಅದೇ ನಿನ್ನ ಪಟ್ಟಿ. ಬಂದು ಇಲ್ಲಿ ಹಾಕು.

ಕೋಲ್ಡ್ ಸ್ಟೋರೇಜ್ ಕೇಬಲ್

ಅಣ್ಣಾ, ನೀವು ಹೇಳಿದ್ದೇ ಕಾಣಿಸಿತು. ಸರ್ವರ್‌ನಿಂದ ಪಿಂಗ್ ಬಿಟ್ಟು ಕೂತೆ. 10.20.20.31 ಕೂಗುತ್ತಲೇ ಇದೆ, "10.20.10.5 ಯಾರು", ಒಂದರ ಕೆಳಗೆ ಒಂದು ಅದೇ ಸಾಲು. ಪಿಂಗ್ ಅಲ್ಲಿಯವರೆಗೆ ಮುಟ್ಟುತ್ತಿದೆ ಎಂಬುದೇ ನನಗೆ ಹೊಸ ವಿಷಯ. ಇಷ್ಟು ದಿನ ಕಾಟಾವರೆಗೆ ಹೋಗೋ ಕೇಬಲ್ ಮೇಲೇ ಅನುಮಾನ ಇತ್ತು.

ಕಾಟಾ ಒಂದೇ ಅಲ್ಲ, ಇನ್ನೂ ಇಬ್ಬರು ಸಿಕ್ಕರು. ಹಮಾಲರ ಹಾಜರಿ ಮಶೀನ್ 10.20.20.44, ಅದೂ ಸರ್ವರ್‌ನ ಐಪಿಯನ್ನೇ ಕೂಗುತ್ತಿದೆ. ಮೆನು ತೆಗೆದು ನೋಡಿದರೆ ಮಾಸ್ಕ್ 255.255.0.0. ಇದರ ಹಾಜರಿ ಸರ್ವರ್‌ಗೆ ಹೋಗುತ್ತಿಲ್ಲ ಅನ್ನೋದನ್ನು ಯಾರೂ ಗಮನಿಸಿರಲಿಲ್ಲ, ಸಂಬಳದ ದಿನ ಗೊತ್ತಾಗುತ್ತಿತ್ತೇನೋ.

ಇನ್ನೊಂದು ವಿಚಿತ್ರ. ಹಿಂದಿನ ಗೇಟ್‌ನ ಒಂದು ಕ್ಯಾಮೆರಾ "8.8.8.8 ಯಾರು" ಎಂದು, ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್‌ನ ಐಪಿಯನ್ನೇ ಕೇಳುತ್ತಿದೆ! ಅದರ ಮಾಸ್ಕ್ ಸರಿ ಇದೆ, 255.255.255.0. ಗೇಟ್‌ವೇ ಜಾಗದಲ್ಲಿ ಅದರದೇ ಐಪಿ ಬರೆದಿದೆ. ಯಾಕೆ ಹಾಗೆ ಹಾಕಿದ್ದರು?

ವಿದ್ಯಾನಗರ ಪ್ಯಾಚ್ ಪ್ಯಾನೆಲ್

ಭಲೇ. ಆ ಕ್ಯಾಮೆರಾ ಹಾಕಿದವನು ಹಳೇ ಹುಲಿ. ಗೇಟ್‌ವೇಗೆ ತನ್ನದೇ ಐಪಿ ಕೊಟ್ಟರೆ ಕೆಲವು ಮಶೀನ್‌ಗಳು "ಹಾಗಾದರೆ ಎಲ್ಲವೂ ನನ್ನ ತಂತಿಯ ಮೇಲೇ ಇದೆ" ಎಂದುಕೊಂಡು ಇಡೀ ಇಂಟರ್ನೆಟ್‌ನ ಐಪಿಗಳಿಗೂ ನೇರವಾಗಿ ಆರ್ಪ್ ಕೂಗುತ್ತವೆ. ಹಳೇ ವಿಂಡೋಸ್‌ನಲ್ಲೂ ಈ ಉಪಾಯ ನಡೀತಿತ್ತು. ಸೈಟ್‌ನ ಗೇಟ್‌ವೇ ಗೊತ್ತಿಲ್ಲದಿದ್ದರೂ ಕೆಲಸ ಆಗಲಿ ಅಂತ ಹಾಕಿ ಹೋಗಿರುತ್ತಾರೆ. ಉತ್ತರ ಕೊಡೋಕೆ ಪ್ರಾಕ್ಸಿ ಆರ್ಪ್ ಇದ್ದರಷ್ಟೇ ಅದು ನಡೆಯೋದು. ಅದೂ ಸ್ವಿಚ್ ಡೀಫಾಲ್ಟ್ ರೂಟನ್ನೂ (ಬೇರೆ ದಾರಿ ಗೊತ್ತಿಲ್ಲದ್ದಕ್ಕೆಲ್ಲ ಹಿಡಿಯುವ ದಾರಿ) "ದಾರಿ ಗೊತ್ತು" ಲೆಕ್ಕಕ್ಕೆ ತೆಗೆದುಕೊಳ್ಳುವ ಜಾತಿಯದ್ದಾಗಿರಬೇಕು. ಗೇಟ್‌ವೇ 10.20.20.1 ಮಾಡಿಬಿಡು. ಹಾಜರಿ ಮಶೀನ್‌ಗೂ ಮಾಸ್ಕ್ 255.255.255.0, ಗೇಟ್‌ವೇ ಅದೇ. ಈ ಎರಡೂ ಇವತ್ತೇ ಮುಗೀತವೆ.

ಉಳಿಯೋದು ಕಾಟಾ. ಸದ್ಯಕ್ಕೆ ಪ್ರಾಕ್ಸಿ ಆರ್ಪ್ ಆನ್ ಮಾಡು, ಆದರೆ ವಿಲ್ಯಾನ್ 20ರಲ್ಲಿ ಮಾತ್ರ. ವಿಲ್ಯಾನ್ 10ರಲ್ಲಿ ಬೇಡ, ಅಲ್ಲಿ ಯಾರಿಗೂ ಬೇಕಾಗಿಲ್ಲ. ಸೋಮವಾರದ ಪೇಟೆ ಆಮೇಲೆ ನೋಡ್ಕೊಳ್ಳೋಣ ಅನ್ನೋ ವಿಷಯ ಅಲ್ಲ.

ಆಮೇಲೆ ನಿಧಾನವಾಗಿ ತೆಗೆದುಹಾಕು. ಯಾಕೆ ತೆಗೀಬೇಕು ಎಂದು ಕೇಳಬಹುದು, ನಡೀತಿದೆಯಲ್ಲ ಅಂತ. ನಡೀತಿದೆ, ಅದೇ ತೊಂದರೆ. ಪ್ರಾಕ್ಸಿ ಆರ್ಪ್ ಇರುವ ಕಡೆ ಮಾಸ್ಕ್ ತಪ್ಪು ಹಾಕಿದರೂ ಕೆಲಸ ಆಗುತ್ತೆ. ಗೇಟ್‌ವೇ ತಪ್ಪು ಹಾಕಿದರೂ ಆಗುತ್ತೆ. ಹಾಕಿದವನು ಪಿಂಗ್ ಬಂತು ಎಂದು ಬಿಲ್ ಬರೆದುಕೊಂಡು ಹೋಗುತ್ತಾನೆ. ಹೀಗೆ ಒಂದೊಂದೇ ಸೇರಿಕೊಂಡು, ಒಂದು ದಿನ ಸ್ವಿಚ್ ಬದಲಾದಾಗ ಎಲ್ಲ ಒಟ್ಟಿಗೆ ಮಲಗುತ್ತವೆ. ನಿನಗೆ ಮೂರೇ ಸಿಕ್ಕಿವೆ, ಪುಣ್ಯ. ಕೊಪ್ಪಿಕರ್ ರಸ್ತೆಯ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಕೌಂಟರ್‌ಗಳೆಲ್ಲ ಹೀಗೇ ಇದ್ದದ್ದು ನೋಡಿದ್ದೇನೆ, ಸರಿ ಮಾಸ್ಕ್ ಇದ್ದ ಕಂಪ್ಯೂಟರೇ ಹುಡುಕಬೇಕಿತ್ತು.

ಇನ್ನೊಂದು, ದೋಷ ಹುಡುಕುವಾಗ ಇದು ದಾರಿ ತಪ್ಪಿಸುತ್ತೆ. ಮಾಸ್ಕ್ ತಪ್ಪಿರುವ ವಿಂಡೋಸ್ ಕಂಪ್ಯೂಟರ್‌ನಿಂದ ಬೇರೆ ಸಬ್‌ನೆಟ್‌ನ ಇಲ್ಲದ ಐಪಿಗೆ ಪಿಂಗ್ ಮಾಡು. ಪ್ರಾಕ್ಸಿ ಆರ್ಪ್ ಇಲ್ಲದಿದ್ದರೆ ತನ್ನದೇ ಐಪಿ ತೋರಿಸಿ "ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚೆಬಲ್" ಎನ್ನುತ್ತೆ. ಅಂದರೆ ಆರ್ಪ್‌ಗೇ ಉತ್ತರ ಬಂದಿಲ್ಲ ಅಂತ ತಕ್ಷಣ ಗೊತ್ತಾಗುತ್ತೆ. ಪ್ರಾಕ್ಸಿ ಆರ್ಪ್ ಇದ್ದರೆ ಇಲ್ಲದ ಮಶೀನ್‌ಗೂ ಸ್ವಿಚ್ "ನಾನೇ" ಎಂದುಬಿಡುತ್ತೆ, ನಿನಗೆ ಹೆಚ್ಚಾಗಿ ಬರೀ ಟೈಮ್ಡ್ ಔಟ್ ಕಾಣುತ್ತೆ. ಎಲ್ಲಿ ಸತ್ತಿತು ಅಂತ ಸುಳಿವೇ ಇಲ್ಲ. ಅಂಥ ಕಂಪ್ಯೂಟರ್‌ನಲ್ಲಿ ಆರ್ಪ್ ಟೇಬಲ್ ತೆಗೆದು ನೋಡಿದರೆ ಬೇರೆ ಬೇರೆ ಐಪಿಗಳ ಮುಂದೆ ಒಂದೇ ಮ್ಯಾಕ್ ಸಾಲಾಗಿ ಇರುತ್ತೆ. ಆ ಮ್ಯಾಕ್ ನಿನ್ನ ಸ್ವಿಚ್‌ನದ್ದೇ ಎಂದು ಹೊಂದಿಸಿ ನೋಡು. ಆರ್ಪ್ ಸ್ಪೂಫಿಂಗ್ ಮಾಡುವ, ಅಂದರೆ ಬೇರೆಯವರ ಐಪಿ ತನ್ನದು ಎಂದು ಸುಳ್ಳು ಹೇಳುವ ಕಳ್ಳನೂ ಹೀಗೇ ಕಾಣೋದು.

ಕಾಟಾಗೆ ಪಕ್ಕಾ ಪರಿಹಾರ ಏನು ಅಂದರೆ, ಇಂಡಿಕೇಟರ್ ಹಿಂದೆ 9 ಪಿನ್ ಸೀರಿಯಲ್ ಪೋರ್ಟ್ ಇರುತ್ತೆ, ನೋಡು. ಬಹುತೇಕ ಎಲ್ಲದರಲ್ಲೂ ಇರುತ್ತೆ. ಅದಕ್ಕೆ ಸೀರಿಯಲ್‌ನಿಂದ ಈಥರ್ನೆಟ್‌ಗೆ ಬದಲಾಯಿಸುವ ಸಣ್ಣ ಕನ್ವರ್ಟರ್ ಹಾಕಿದರೆ ಆಯ್ತು. ಕನ್ವರ್ಟರ್‌ನಲ್ಲಿ ಮಾಸ್ಕ್, ಗೇಟ್‌ವೇ ಎರಡೂ ಹಾಕಬಹುದು. ಇಂಡಿಕೇಟರ್‌ನ ಆ ದರಿದ್ರ ಲ್ಯಾನ್ ಬೋರ್ಡ್ ಅಷ್ಟಕ್ಕೇ ಬಿಟ್ಟುಬಿಡು.

ಇದು ಹುಟ್ಟಿದ್ದೂ ಇಂಥ ಮಶೀನ್‌ಗಳಿಗೇ. ಆರ್ಪ್ ಬಂದದ್ದು 1982ರಲ್ಲಿ, ಆರ್‌ಎಫ್‌ಸಿ (ಇಂಟರ್ನೆಟ್ ಪದ್ಧತಿಗಳ ದಾಖಲೆ) 826. ಸಬ್‌ನೆಟ್ ಮಾಡುವ ಪದ್ಧತಿ ಬರೆದಿಟ್ಟದ್ದು 1985ರಲ್ಲಿ, ಆರ್‌ಎಫ್‌ಸಿ 950. ಆಗ ಬಳಕೆಯಲ್ಲಿದ್ದ ಎಷ್ಟೋ ಕಂಪ್ಯೂಟರ್‌ಗಳಿಗೆ ಸಬ್‌ನೆಟ್ ಅಂದರೇನೆಂದೇ ಗೊತ್ತಿರಲಿಲ್ಲ. ಅವನ್ನೆಲ್ಲ ಬದಲಾಯಿಸುವವರೆಗೆ ನಡುವೆ ಇರುವ ಗೇಟ್‌ವೇಯೇ ಅವುಗಳ ಪರವಾಗಿ ಉತ್ತರ ಕೊಡಲಿ ಎಂದು 1987ರಲ್ಲಿ ಆರ್‌ಎಫ್‌ಸಿ 1027 ಬಂತು. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ್ದನ್ನೇ ಅದರಲ್ಲಿ ಬರೆದಿದ್ದಾರೆ. ನಾಲ್ಕು ದಿನದ ವ್ಯವಸ್ಥೆ ಎಂದು ಬಂದದ್ದು ಇವತ್ತಿಗೂ ನಿನ್ನ ಕಾಟಾ ನಡೆಸ್ತಿದೆ.

ಸಪ್ತಾಪುರ ಸಿಗ್ನಲ್, ಧಾರವಾಡ

ಪ್ಯಾಚ್ ಪ್ಯಾನೆಲ್ ಅಣ್ಣನಿಗೆ ಪ್ರಾಕ್ಸಿ ಆರ್ಪ್ ಕಂಡರೆ ಆಗೋದಿಲ್ಲ ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದರ ತಂಗಿಯೊಬ್ಬಳಿದ್ದಾಳೆ, ಲೋಕಲ್ ಪ್ರಾಕ್ಸಿ ಆರ್ಪ್. ಅವಳ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಹೊಸ ಸ್ವಿಚ್‌ನ ಮೆನುವಿನಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ. ನೀವು ಟಿಕ್ ಹಾಕುವಾಗ ನೋಡಿಕೊಂಡು ಹಾಕಿ.

ನಾನು ನೋಡಿಕೊಳ್ಳುವುದು ಹಾಸ್ಟೆಲ್, ಪಿಜಿಗಳ ನೆಟ್. ಅಲ್ಲಿ ಒಂದು ರೂಮಿನ ಲ್ಯಾಪ್‌ಟಾಪ್ ಇನ್ನೊಂದು ರೂಮಿನದ್ದನ್ನು ನೇರವಾಗಿ ನೋಡಬಾರದು. ಹಾಗಾಗಿ ಪೋರ್ಟ್ ಐಸೋಲೇಶನ್ ಹಾಕಿರುತ್ತೇವೆ. ಒಂದೇ ಸಬ್‌ನೆಟ್, ಒಂದೇ ವಿಲ್ಯಾನ್. ಆದರೂ ಒಬ್ಬರ ಆರ್ಪ್ ಕೂಗು ಇನ್ನೊಬ್ಬರಿಗೆ ಕೇಳಿಸದು. ಮೇಲೆ ಗೇಟ್‌ವೇಗೆ ಮಾತ್ರ ಕೇಳಿಸುತ್ತೆ. ಕಾಮನ್ ರೂಮಿನ ಪ್ರಿಂಟರ್ ಮಾತ್ರ ಎಲ್ಲರಿಗೂ ಸಿಗಬೇಕು ಅಂದರೆ? ಆಗ ಲೋಕಲ್ ಪ್ರಾಕ್ಸಿ ಆರ್ಪ್. ಕೇಳಿದ ಐಪಿ ಅದೇ ಸಬ್‌ನೆಟ್‌ನದ್ದಾದರೂ ಸ್ವಿಚ್ "ನಾನೇ" ಎಂದು ತನ್ನ ಮ್ಯಾಕ್ ಕೊಡುತ್ತೆ. ಎಲ್ಲ ಟ್ರಾಫಿಕ್ ಸ್ವಿಚ್‌ನ ಮೂಲಕವೇ ಹೋಗೋದರಿಂದ ಪ್ರಿಂಟರ್‌ಗೆ ಬಿಡು, ಉಳಿದದ್ದಕ್ಕೆ ಬೇಡ ಎಂದು ಆಕ್ಸೆಸ್ ಲಿಸ್ಟ್ ಹಾಕಬಹುದು. ಸೂಪರ್ ವಿಲ್ಯಾನ್ ಕೆಳಗೆ ಒಂದೇ ಸಬ್‌ನೆಟ್ ಹಂಚಿಕೊಳ್ಳುವ ಸಬ್ ವಿಲ್ಯಾನ್‌ಗಳನ್ನು ಇಟ್ಟಾಗಲೂ ಇದೇ ತತ್ವ, 2001ರ ಆರ್‌ಎಫ್‌ಸಿ 3069 ಇದರದ್ದೇ. ಇಲ್ಲಿ ಯಾರ ಮಾಸ್ಕೂ ತಪ್ಪಿಲ್ಲ ಅಣ್ಣಾ. ಬೇಕು ಅಂತಲೇ ಮಾಡಿದ್ದು. ಹಾಗಾಗಿ ಎಲ್ಲ ಕಡೆ ಕಿತ್ತು ಬಿಸಾಕಿ ಅನ್ನೋದನ್ನು ನಾನು ಒಪ್ಪೋದಿಲ್ಲ.

ಆದರೆ ಐಸೋಲೇಶನ್ ಇಲ್ಲದ ವಿಲ್ಯಾನ್‌ನಲ್ಲಿ ಇದನ್ನು ಆನ್ ಮಾಡಬೇಡಿ. ಮಕ್ಕಳ ಲ್ಯಾಪ್‌ಟಾಪ್‌ಗಳಿಗೆಲ್ಲ 169.254ರಿಂದ ಶುರುವಾಗುವ ಐಪಿ (ಸರ್ವರ್‌ನಿಂದ ಐಪಿ ಸಿಗದಾಗ ತಾನೇ ಹಾಕಿಕೊಳ್ಳುವುದು) ಬರುತ್ತಿದೆ ಎಂದು ಒಂದು ಹಾಸ್ಟೆಲ್‌ನವರು ಕರೆದಿದ್ದರು. ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್‌ನಲ್ಲಿ ನೋಡಿದರೆ ಪೂಲ್ ಪೂರ್ತಿ ಕೆಟ್ಟ ಐಪಿ ಎಂದು ಗುರುತಾಗಿದೆ. ಆದದ್ದು ಏನೆಂದರೆ, ಲ್ಯಾಪ್‌ಟಾಪ್‌ಗೆ ಐಪಿ ಸಿಕ್ಕ ಮೇಲೆ ಅದು ಬಳಸುವ ಮೊದಲು ಒಮ್ಮೆ ಕೇಳುತ್ತೆ, "ಈ ಐಪಿ ಬೇರೆ ಯಾರಾದರೂ ಇಟ್ಟುಕೊಂಡಿದ್ದೀರಾ?" ಕೇಳುವವನ ಐಪಿ ಜಾಗದಲ್ಲಿ 0.0.0.0 ಇರುತ್ತೆ. 2008ರ ಆರ್‌ಎಫ್‌ಸಿ 5227 ಹೇಳೋದು ಇದನ್ನೇ. ಇಂಥ ಪ್ರಶ್ನೆಗೆ ಸ್ವಿಚ್ ಬಾಯಿ ಮುಚ್ಚಿಕೊಂಡಿರಬೇಕು. ಅಲ್ಲಿದ್ದ ಹಳೇ ಫರ್ಮ್‌ವೇರ್ ಅದಕ್ಕೂ "ನಾನೇ" ಎಂದು ಉತ್ತರ ಕೊಡುತ್ತಿತ್ತು. ಲ್ಯಾಪ್‌ಟಾಪ್ "ಅಯ್ಯೋ, ಬೇರೆಯವರದ್ದು" ಎಂದು ಐಪಿ ವಾಪಸ್ ಕೊಡುತ್ತಿತ್ತು. ಸರ್ವರ್ ಇನ್ನೊಂದು ಕೊಡುತ್ತಿತ್ತು, ಅದಕ್ಕೂ ಸ್ವಿಚ್ "ನಾನೇ". ಪೂಲ್ ಹೀಗೆ ಖಾಲಿ. ಫರ್ಮ್‌ವೇರ್ ಹೊಸದು ಹಾಕಿದ ಮೇಲೆ ನಿಂತಿತು.

ಡೇಟಾ ಸೆಂಟರ್‌ನವರು ಇವಿಪಿಎನ್‌ನಲ್ಲಿ (ಹಲವು ಸ್ವಿಚ್‌ಗಳನ್ನು ಒಂದೇ ನೆಟ್‌ವರ್ಕ್‌ನಂತೆ ಜೋಡಿಸುವ ವಿಧಾನ) ಪ್ರಾಕ್ಸಿ ಆರ್ಪ್ ಎನ್ನುವುದು ಇನ್ನೊಂದು ಥರ. ಅಲ್ಲಿ ಲೀಫ್ ಸ್ವಿಚ್ (ಮಶೀನ್‌ಗಳು ಬಂದು ಸೇರುವ ಸ್ವಿಚ್) ತನ್ನ ಮ್ಯಾಕ್ ಕೊಡೋದಿಲ್ಲ, ಆ ಐಪಿಯ ನಿಜವಾದ ಒಡೆಯನ ಮ್ಯಾಕನ್ನೇ ಕೊಡುತ್ತೆ. ಕೂಗು ಎಲ್ಲ ಸ್ವಿಚ್‌ಗೂ ಹರಡದಿರಲಿ ಅನ್ನೋದಕ್ಕೆ. ಕಾಟಾ ವಿಷಯಕ್ಕೆ ಅದು ಬೇಡ, ಹುಡುಕುವಾಗ ಗೊಂದಲ ಆಗದಿರಲಿ ಎಂದು ಹೇಳಿದೆ.

ಗದಗ ರೂಟರ್

ಅಕ್ಕಾ, ಒಳ್ಳೆ ಮಾಹಿತಿ. ನಾನು "ಮುಗೀತು" ಎಂದದ್ದು ಪೇಟೆ ದಿನ ಹತ್ತಿರ ಬಂದಿದೆ ಅಂತ. ಈಗಲೂ ಅದೇ ಹೇಳ್ತೀನಿ, ಮೊದಲು ತೂಕ ನಡೀಲಿ.

ಪ್ಯಾಚ್ ಪ್ಯಾನೆಲ್ ಅವರ ಪಟ್ಟಿಗೆ ಒಂದು ಸೇರಿಸಿ. ಇಂಟರ್ನೆಟ್ ಕಡೆ ಡೀಫಾಲ್ಟ್ ರೂಟ್ ಹಾಕುವಾಗ ಕೆಲವರು ಮುಂದಿನ ಗೇಟ್‌ವೇ ಐಪಿ ಬರೆಯೋದಿಲ್ಲ, ಬರೀ ಇಂಟರ್ಫೇಸ್ ಹೆಸರು ಬರೆದು ಬಿಡುತ್ತಾರೆ. ಹಳೇ ಸೀರಿಯಲ್ ಲೈನ್‌ನಲ್ಲಿ ಅದು ನಡೀತಿತ್ತು, ಆ ಕಡೆ ಇರೋದು ಒಬ್ಬನೇ. ಈಥರ್ನೆಟ್‌ನಲ್ಲಿ ಹಾಗೆ ಬರೆದರೆ ರೂಟರ್ ಹೊರಗಿನ ಒಂದೊಂದು ಐಪಿಗೂ ಬೇರೆ ಬೇರೆ ಆರ್ಪ್ ಕೂಗುತ್ತೆ. ಇಂಟರ್ನೆಟ್ ಕೊಡುವವರ ರೂಟರ್‌ನಲ್ಲಿ ಪ್ರಾಕ್ಸಿ ಆರ್ಪ್ ಇದ್ದರೆ ನೆಟ್ ನಡೀತದೆ, ಆರ್ಪ್ ಟೇಬಲ್ ಮಾತ್ರ ಉಬ್ಬುತ್ತಾ ಹೋಗುತ್ತೆ. ಅವರು ಒಂದು ದಿನ ಅದನ್ನು ಆಫ್ ಮಾಡಿದರೆ ನೆಟ್ ಬಂದ್. ಬೈಯೋದು ಅವರನ್ನ, ತಪ್ಪು ನಮ್ಮ ಸಾಲಿನಲ್ಲಿ. ಗೇಟ್‌ವೇ ಐಪಿ ಬರೀರಿ.

ಕೋಲ್ಡ್ ಸ್ಟೋರೇಜ್ ಕೇಬಲ್

ಎಲ್ಲರಿಗೂ ಧನ್ಯವಾದ. ವಿಲ್ಯಾನ್ 20ರಲ್ಲಿ ಮಾತ್ರ ಆನ್ ಮಾಡಿದೆ. ಲೋಕಲ್ ಅನ್ನುವುದು ನಿಜವಾಗಿಯೂ ಅದರ ಕೆಳಗಿನ ಸಾಲಿನಲ್ಲೇ ಇತ್ತು, ಮುಟ್ಟಲಿಲ್ಲ. ಆನ್ ಮಾಡಿದ ಕೂಡಲೇ ಸರ್ವರ್‌ನಲ್ಲಿ ಪಿಂಗ್ ಬರೋಕೆ ಶುರುವಾಯಿತು. ಗುಮಾಸ್ತರು ಚೀಟಿ ಪುಸ್ತಕ ಒಳಗಿಟ್ಟರು.

ಉತ್ತರ ಹೇಗಿರುತ್ತೆ ನೋಡಬೇಕು ಅನಿಸಿತು. ಆದರೆ ಲ್ಯಾಪ್‌ಟಾಪ್‌ನಲ್ಲಿ ಕಾಟಾದ ಪ್ರಶ್ನೆ ಮಾತ್ರ ಕಾಣ್ತು, ಉತ್ತರ ಕಾಣಲಿಲ್ಲ. ಆಮೇಲೆ ಹೊಳೆಯಿತು, ಉತ್ತರ ಕಾಟಾ ಒಂದಕ್ಕೇ ಹೋಗುತ್ತೆ, ಎಲ್ಲರಿಗೂ ಅಲ್ಲ. ಕಾಟಾ ಪೋರ್ಟನ್ನು ಮಿರರ್ ಮಾಡಿದೆ. ಆಗ ಸಿಕ್ಕಿತು. "10.20.10.5 ಇರೋದು ಇಲ್ಲಿ" ಎಂಬ ಸಾಲು, ಅದರ ಮುಂದೆ 41:07ರಲ್ಲಿ ಮುಗಿಯುವ ಮ್ಯಾಕ್. ಸ್ವಿಚ್ ಮೇಲಿನ ಸ್ಟಿಕ್ಕರ್ ನೋಡಿದರೆ ಅದೇ 41:07. ಸರ್ವರ್‌ನ ಮ್ಯಾಕ್ ಬೇರೆಯೇ. ಅದರ ಹಿಂದೆಯೇ ಕಾಟಾದ ಪಿಂಗ್ ಉತ್ತರ ಅದೇ ಮ್ಯಾಕ್‌ಗೆ ಹೋಗಿದೆ.

ಹಾಜರಿ ಮಶೀನ್, ಕ್ಯಾಮೆರಾ ಎರಡೂ ಸರಿ ಮಾಡಿದೆ. ಈಗ ಪಟ್ಟಿಯಲ್ಲಿ ಕಾಟಾ ಒಂದೇ ಉಳಿದಿದೆ. ಇಂಡಿಕೇಟರ್ ಹಿಂದೆ 9 ಪಿನ್ ಇದೆ. ಮಾಲೀಕರು ಕನ್ವರ್ಟರ್ ತರಿಸೋಕೆ ಒಪ್ಪಿದ್ದಾರೆ. ಎರಡು ಪ್ರಶ್ನೆ ಅಣ್ಣಾ. ಅದು ಬಂದ ಮೇಲೆ ಪ್ರಾಕ್ಸಿ ಆರ್ಪ್ ಆಫ್ ಮಾಡೋದು ಯಾವಾಗ? ಸಂಜೆ ಕೆಲಸ ಮುಗಿದ ಮೇಲೆ ಮಾಡಲಾ? ಇನ್ನು, 9 ಪಿನ್ ಕೇಬಲ್ ನೇರ ಬೇಕಾ, ಕ್ರಾಸ್ ಬೇಕಾ?

ವಿದ್ಯಾನಗರ ಪ್ಯಾಚ್ ಪ್ಯಾನೆಲ್

ಸಂಜೆ ಬೇಡ. ಆಫ್ ಮಾಡಿದ ತಕ್ಷಣ ಏನೂ ಆಗೋದಿಲ್ಲ, ಅದೇ ಮೋಸ. ಮಶೀನ್‌ಗಳ ಆರ್ಪ್ ಟೇಬಲ್‌ನಲ್ಲಿ ಹಳೇ ಉತ್ತರ ಇನ್ನೂ ಇರುತ್ತೆ, ಅದನ್ನೇ ಬಳಸಿಕೊಂಡು ನಡೀತಿರುತ್ತವೆ. ವಿಂಡೋಸ್ ಬೇಗ ಮತ್ತೆ ಕೇಳುತ್ತೆ, 15ರಿಂದ 45 ಸೆಕೆಂಡಿನಲ್ಲಿ ಹಳೇ ಉತ್ತರದ ಮೇಲೆ ಅದಕ್ಕೆ ಅನುಮಾನ ಶುರು. ಸಿಸ್ಕೋ ರೂಟರ್ 4 ಗಂಟೆ ಇಟ್ಟುಕೊಳ್ಳುತ್ತೆ. ಕಾಟಾ, ಹಾಜರಿ ಮಶೀನ್‌ನಂಥ ಸಣ್ಣ ಬೋರ್ಡ್‌ಗಳು ಒಂದೊಂದು ಒಂದೊಂದು ಥರ, ಕೆಲವು ಕರೆಂಟ್ ಹೋಗುವವರೆಗೂ ಮರೆಯೋದಿಲ್ಲ. ಸಂಜೆ ಆಫ್ ಮಾಡಿ ಎಲ್ಲ ನಡೀತಿದೆ ಎಂದು ನೀನು ಮನೆಗೆ ಹೋದರೆ, ಬೆಳಿಗ್ಗೆ ಕರೆಂಟ್ ಬಂದು ಹೋದ ಮೇಲೆ ಫೋನ್ ಬರುತ್ತೆ. ಆಗ ನಿನ್ನೆ ಮಾಡಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯೋದಿಲ್ಲ.

ಮಂಗಳವಾರ ಬೆಳಿಗ್ಗೆ ಮಾಡು. ಪೇಟೆ ಇಲ್ಲ, ನೀನೂ ಅಲ್ಲೇ ಇರ್ತೀಯ. ಆಫ್ ಮಾಡಿ, ಗೇಟ್ ಕಡೆಯ ಮಶೀನ್‌ಗಳನ್ನೆಲ್ಲ ಒಂದೊಂದಾಗಿ ಆಫ್ ಆನ್ ಮಾಡು. ಲ್ಯಾಪ್‌ಟಾಪ್‌ನಲ್ಲಿ ಅದೇ ಫಿಲ್ಟರ್ ಇಟ್ಟುಕೊಂಡು ಕೂತಿರು. 10.20.20 ಅಲ್ಲದ ಐಪಿ ಯಾರೂ ಕೂಗದಿದ್ದರೆ ಕೆಲಸ ಆಯ್ತು. ಯಾರಾದರೂ ಕೂಗಿದರೆ ಅವರ ಮಾಸ್ಕ್ ನೋಡು.

ಸಪ್ತಾಪುರದ ತಂಗಿ ಹೇಳಿದ್ದಕ್ಕೆ ನನ್ನದೇನೂ ತಕರಾರಿಲ್ಲ. ಹಾಸ್ಟೆಲ್‌ನಲ್ಲಿ ಬೇಕು ಅಂತ ಹಾಕಿದ್ದು, ಕಾನ್ಫಿಗ್‌ನಲ್ಲಿ ಬರೆದು ಹಾಕಿದ್ದು. ನನ್ನ ಜಗಳ ಯಾರೂ ಹಾಕದೆ ತಾನಾಗೇ ಇರೋದರ ಜೊತೆ.

ಕೇಬಲ್ ವಿಷಯ. ಕೇಳಿ ಹೇಳೋದಕ್ಕಿಂತ ಅಳೆದು ನೋಡು, ಕಾಟಾದವರ ಪುಸ್ತಕದಲ್ಲಿ ಬರೆದದ್ದೂ ಕೆಲವು ಸಲ ಉಲ್ಟಾ ಇರುತ್ತೆ. ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಡು. ಕಪ್ಪು ತಂತಿ 5ನೇ ಪಿನ್‌ಗೆ, ಅದು ಗ್ರೌಂಡ್. ಕೆಂಪು ತಂತಿಯಲ್ಲಿ 2 ಮತ್ತು 3 ನೋಡು. ಡೇಟಾ ಬಿಡುತ್ತಿಲ್ಲದಾಗ ಯಾವುದರಲ್ಲಿ ಮೈನಸ್ 5ರಿಂದ ಮೈನಸ್ 12ರ ಆಸುಪಾಸು ಬರುತ್ತೋ ಅದೇ ಇಂಡಿಕೇಟರ್ ಮಾತಾಡುವ ಪಿನ್. ತೂಕ ಸತತವಾಗಿ ಕಳಿಸುವ ಮೋಡ್‌ನಲ್ಲಿದ್ದರೆ ಅಂಕಿ ಕುಣಿಯುತ್ತಿರುತ್ತೆ, ಅದೂ ಗುರುತೇ. ಕನ್ವರ್ಟರ್ ಬಂದ ಮೇಲೆ ಅದನ್ನೂ ಹೀಗೇ ಅಳೆ. ಇಬ್ಬರೂ ಒಂದೇ ಪಿನ್‌ನಲ್ಲಿ ಮಾತಾಡುತ್ತಿದ್ದರೆ ಕ್ರಾಸ್, ಬೇರೆ ಬೇರೆ ಆದರೆ ನೇರ. ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಇಂಡಿಕೇಟರ್‌ನ ಮೆನುವಿನಲ್ಲೇ ಇರುತ್ತೆ, ಅದನ್ನೇ ಕನ್ವರ್ಟರ್‌ಗೂ ಹಾಕು. ತೂಕದ ಬದಲು ಚಿಕ್ಕಿ ಚುಕ್ಕಿ ಬಂದರೆ ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್‌ನ ಸೆಟ್ಟಿಂಗ್) ಬದಲಾಯಿಸಿ ನೋಡು.